ಬೆರಳ ತುದಿಯ ಬಿಡುವು

ನಮ್ಮ ಮನೆಯ ಪಡಸಾಲೆಯ ಬಾಗಿಲ ಹಿಂದೆ ಒಂದು ಗೂಟವಿತ್ತು. ಅದಕ್ಕೆ ತೂಗುಹಾಕಿದ್ದ ಹಳೆಯ ಖಣದ ಚೀಲದಲ್ಲಿ ಅವ್ವನ ಹೆಣಿಗೆಯ ಕಡ್ಡಿಗಳೂ ಎರಡು ಮೂರು ಉಣ್ಣೆಯ ಉಂಡೆಗಳೂ ಅರ್ಧಕ್ಕೆ ನಿಂತ ಕುಂಚಿಗೆಯೋ ಸ್ವೆಟರಿನ ತೋಳೋ ಇರುತ್ತಿದ್ದವು. ದಿನಕ್ಕೆ ಎಂಟು ಹತ್ತು ಸಲ ಆ ಚೀಲ ಗೂಟದಿಂದ ಇಳಿಯುತ್ತಿತ್ತು. ಬೇಳೆ ಬೇಯುವಷ್ಟರಲ್ಲಿ ಎರಡು ಸಾಲು, ಸಂಜೆ ದೀಪ ಹಚ್ಚುವ ಮುನ್ನ ನಾಲ್ಕು ಸಾಲು, ನೆರೆಮನೆಯ ವೈನಿಯೊಡನೆ ಕಟ್ಟೆಯ ಮೇಲೆ ಮಾತಿಗೆ ಕುಳಿತರೆ ಇನ್ನೊಂದಿಷ್ಟು. ಕೆಲಸ ಕರೆದೊಡನೆ ಚೀಲ ಮತ್ತೆ ಗೂಟಕ್ಕೆ ಹೋಗುತ್ತಿತ್ತು. ಹೊಸ ಉಣ್ಣೆಯ ಲಡಿ ತಂದ ದಿನ ನಾನು ಎರಡೂ ಕೈ ಚಾಚಿ ಕುಳಿತುಕೊಳ್ಳಬೇಕಾಗಿತ್ತು. ಲಡಿಯನ್ನು ನನ್ನ ಕೈಗಳಿಗೆ ತೊಡಿಸಿ ಅವ್ವ ಉಂಡೆ ಸುತ್ತುತ್ತಿದ್ದಳು. ಆಟಕ್ಕೆ ಹೊತ್ತಾಯಿತೆಂದು ನಾನು ಗೊಣಗಿದರೆ, ‘ಕೈ ಸುಮ್ಮನ ಕುಂತ್ರ ಮನಸ್ಸು ಸುಮ್ಮನ ಕುಂದ್ರಂಗಿಲ್ಲೋ’ ಎನ್ನುತ್ತಿದ್ದಳು.

ಆ ಮಾತಿನ ತೂಕ ನನಗೆ ತಿಳಿದದ್ದು ತಂದೆಯವರು ಪಾರ್ಶ್ವವಾಯುವಿನಿಂದ ಆಸ್ಪತ್ರೆ ಸೇರಿದಾಗ. 19 ದಿನ ಅವ್ವ ಆಸ್ಪತ್ರೆಯ ಪಡಸಾಲೆಯ ಬೆಂಚಿನ ಮೇಲೆ ಕುಳಿತಿದ್ದಳು, ಕೈಯಲ್ಲಿ ಅದೇ ಚೀಲ. ನೋಡಲು ಬಂದ ಬಂಧುಗಳಲ್ಲಿ ಕೆಲವರಿಗೆ ಇದು ಸರಿಬರಲಿಲ್ಲ. ಗಂಡ ಹಾಸಿಗೆ ಹಿಡಿದಿರುವಾಗ ಈಕೆಗೆ ಹೆಣಿಗೆ ಬೇಕೇ ಎಂಬ ಮಾತು ನಮ್ಮ ಕಿವಿಗೂ ಬಿತ್ತು. ಆಗ ವೈದ್ಯಕೀಯ ವಿದ್ಯಾರ್ಥಿಯಾಗಿದ್ದ ನನಗೂ ಒಳಗೊಳಗೇ ಮುಜುಗರವಾಗಿತ್ತೆಂದು ಒಪ್ಪಿಕೊಳ್ಳಬೇಕು. ಆದರೆ ಹತ್ತಿರ ಕುಳಿತು ನೋಡಿದಾಗ ಒಂದು ಸಂಗತಿ ಕಂಡಿತು. ಅಷ್ಟು ದಿನಗಳಲ್ಲಿ ಅವ್ವ ಹೆಣೆದದ್ದು ಒಂದೇ ತೋಳು. ಅದನ್ನು ಮುಗಿಸುತ್ತಿದ್ದಳು, ಬಿಚ್ಚುತ್ತಿದ್ದಳು, ಮತ್ತೆ ಮೊದಲಿನಿಂದ ಹಾಕುತ್ತಿದ್ದಳು. ನಾಲ್ಕು ಸಲ ಹೀಗಾಯಿತು. ಕಾರಣ ಕೇಳಲಿಲ್ಲ. ಕಡ್ಡಿ ಆಡುತ್ತಿರುವಷ್ಟು ಹೊತ್ತು ಅವಳ ಉಸಿರು ಸಮವಾಗಿರುತ್ತಿತ್ತು, ಕೇಳಿದ್ದಕ್ಕೆ ಉತ್ತರ ಬರುತ್ತಿತ್ತು, ತಂದುಕೊಟ್ಟ ರೊಟ್ಟಿಯನ್ನು ತಿನ್ನುತ್ತಿದ್ದಳು. ಕಡ್ಡಿ ಕೆಳಗಿಟ್ಟರೆ ಕಣ್ಣು ಗೋಡೆಗೆ ನೆಡುತ್ತಿತ್ತು.

ಇಂದು ಈ ಅಂಕಣದಲ್ಲಿ ಹೆಣಿಗೆ ಮತ್ತು ಲೇಸಿನ ಕುರಿತು ಬರೆಯಲು ಕುಳಿತಾಗ ಮೊದಲು ನೆನಪಾದದ್ದು ಆ ಬೆಂಚು. ಎರಡು ಕಡ್ಡಿಗಳಿಂದ ಉಣ್ಣೆಯನ್ನು ಸೀದಾ-ಉಲ್ಟಾ ಹೆಣೆಯುವುದು, ಒಂದೇ ಕೊಕ್ಕೆಯ ಕಡ್ಡಿಯಿಂದ ನೂಲಿನ ಸರಪಳಿ ಹಾಕಿ ಕ್ರೋಶಾ ಲೇಸು ಮಾಡುವುದು, ಇವೆರಡೂ ನಮ್ಮ ಮನೆಗಳಿಗೆ ಹೊಸವೇನಲ್ಲ. ಹಳೆಯ ಮನೆಗಳ ರೇಡಿಯೋದ ಮೇಲಿನ ಹೊದಿಕೆ, ಬಾಗಿಲ ತೋರಣ, ತಟ್ಟೆ ಮುಚ್ಚುವ ಮಣಿಕಟ್ಟಿನ ಜಾಲರಿ ಎಲ್ಲವೂ ಈ ಕೊಕ್ಕೆಯಿಂದಲೇ ಬಂದವು. ಇವನ್ನು ‘ಹೆಂಗಸರ ಹೊತ್ತು ಕಳೆಯುವ ಕೆಲಸ’ ಎಂದು ಬದಿಗೆ ಸರಿಸುವ ರೂಢಿ ನಮ್ಮಲ್ಲಿದೆ. ಆರೋಗ್ಯದ ದೃಷ್ಟಿಯಿಂದ ನೋಡಿದರೆ ಹೊತ್ತು ಹೇಗೆ ಕಳೆಯುತ್ತದೆ ಎಂಬುದು ಸಣ್ಣ ಪ್ರಶ್ನೆಯಲ್ಲ.

ಕೈಗೂ ಮಿದುಳಿಗೂ ಇರುವ ನಂಟು ನಾವು ಊಹಿಸುವುದಕ್ಕಿಂತ ಗಾಢವಾದುದು. ಕೆನಡಾದ ಮಾಂಟ್ರಿಯಲ್ ನಗರದ ನರಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್ ಅವರು ತಮ್ಮ ಸಹೋದ್ಯೋಗಿಯೊಡನೆ 1937ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಿದುಳಿನ ಮೇಲ್ಪದರದ ಯಾವ ಭಾಗ ದೇಹದ ಯಾವ ಅಂಗದ ಚಲನೆ ಮತ್ತು ಸ್ಪರ್ಶವನ್ನು ನೋಡಿಕೊಳ್ಳುತ್ತದೆ ಎಂಬುದನ್ನು ಗುರುತಿಸಿದರು. ಇಡೀ ಬೆನ್ನು ಮತ್ತು ಎದೆಗೆ ಸಿಕ್ಕ ಜಾಗಕ್ಕಿಂತ ಬೆರಳುಗಳಿಗೂ ಹೆಬ್ಬೆರಳಿಗೂ ಸಿಕ್ಕ ಜಾಗ ಬಹು ದೊಡ್ಡದು. ಹೆಣಿಗೆಯಲ್ಲಿ ಎರಡೂ ಕೈಗಳು ಬೇರೆ ಬೇರೆ ಕೆಲಸ ಮಾಡುತ್ತವೆ: ಒಂದು ಕೈ ನೂಲಿನ ಬಿಗಿ ಹಿಡಿಯುತ್ತದೆ, ಇನ್ನೊಂದು ಕುಣಿಕೆಯನ್ನು ಎತ್ತುತ್ತದೆ. ಇದರೊಡನೆ ಎಣಿಕೆ ನಡೆದಿರುತ್ತದೆ. ಲೇಸಿನಲ್ಲಂತೂ ಎಲ್ಲಿ ಕುಣಿಕೆ ಬಿಟ್ಟು ರಂಧ್ರ ಮಾಡಬೇಕು, ಎಲ್ಲಿ ಎರಡನ್ನು ಕೂಡಿಸಬೇಕು ಎಂಬ ಲೆಕ್ಕವೇ ವಿನ್ಯಾಸ. ಬೆರಳು, ಕಣ್ಣು, ಎಣಿಕೆ ಈ ಮೂರೂ ಒಂದೇ ಲಯಕ್ಕೆ ಬಂದಾಗ ಚಿಂತೆಗೆ ಒಳಬರಲು ಎಡೆ ಕಡಿಮೆ. ಒಂದನೆಯ ಮಹಾಯುದ್ಧದ ಕಾಲದಲ್ಲಿ ಗಾಯಗೊಂಡ ಸೈನಿಕರಿಗೆ ಆಸ್ಪತ್ರೆಗಳಲ್ಲಿ ಬುಟ್ಟಿ ಹೆಣೆಯುವುದು, ನೇಯ್ಗೆ, ಹೆಣಿಗೆ ಮೊದಲಾದ ಕೈಗೆಲಸಗಳನ್ನು ಕಲಿಸಿದ್ದು ಈ ಅನುಭವದ ಮೇಲೆಯೇ.

ಈಚಿನ ಅಧ್ಯಯನಗಳಲ್ಲಿ ಎರಡನ್ನು ಇಲ್ಲಿ ಹೇಳುತ್ತೇನೆ. 2013ರಲ್ಲಿ ಬ್ರಿಟನ್ನಿನ ಔದ್ಯೋಗಿಕ ಚಿಕಿತ್ಸೆಯ ಪತ್ರಿಕೆಯೊಂದರಲ್ಲಿ ಜಿಲ್ ರೈಲಿ, ಬೆಟ್ಸಾನ್ ಕಾರ್ಕ್‌ಹಿಲ್ ಮತ್ತು ಕ್ಲೇರ್ ಮಾರಿಸ್ ಅವರು ಒಂದು ಸಮೀಕ್ಷೆಯನ್ನು ಪ್ರಕಟಿಸಿದರು. ನಾನಾ ದೇಶಗಳ 3,545 ಮಂದಿ ಹೆಣಿಗೆಗಾರರು ಅದರಲ್ಲಿ ಉತ್ತರಿಸಿದ್ದರು. ಹೆಚ್ಚು ಸಲ ಹೆಣೆಯುವವರು ಹೆಚ್ಚು ಶಾಂತಿಯನ್ನೂ ಸಂತೋಷವನ್ನೂ ಅನುಭವಿಸುವುದಾಗಿ ಹೇಳಿಕೊಂಡಿದ್ದರು. 2011ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ವೈದ್ಯರು 70ರಿಂದ 89 ವರ್ಷದ 1,321 ಹಿರಿಯರನ್ನು ಪರೀಕ್ಷಿಸಿದ ವರದಿ ಹೊರಬಂತು. ಓದು, ಹೆಣಿಗೆ ಅಥವಾ ಹೊಲಿಗೆಯಂಥ ಕೈಗೆಲಸಗಳಲ್ಲಿ ತೊಡಗಿದ್ದವರಲ್ಲಿ ನೆನಪಿನ ಸೌಮ್ಯ ಕುಂದು ಕಡಿಮೆ ಕಂಡಿತ್ತು. ಓದುಗರು ಇಲ್ಲಿ ಎಚ್ಚರದಿಂದಿರಬೇಕು. ಮೊದಲನೆಯ ಸಮೀಕ್ಷೆಗೆ ಉತ್ತರಿಸಿದವರು ಹೆಣಿಗೆಯನ್ನು ಆಗಲೇ ಪ್ರೀತಿಸುತ್ತಿದ್ದವರು. ಬೇಸತ್ತು ಬಿಟ್ಟವರು ಅಲ್ಲಿರಲಿಲ್ಲ. ಎರಡನೆಯದರಲ್ಲಿ, ಹೆಣಿಗೆಯಿಂದ ನೆನಪು ಉಳಿಯಿತೋ, ನೆನಪು ಚೆನ್ನಾಗಿದ್ದವರೇ ಹೆಣಿಗೆಯನ್ನು ಮುಂದುವರಿಸಿದರೋ ಎಂಬುದನ್ನು ಆ ಬಗೆಯ ಅಧ್ಯಯನ ತೀರ್ಮಾನಿಸಲಾರದು. ಆದ್ದರಿಂದ ‘ಹೆಣೆದರೆ ಮರೆವು ಬಾರದು’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹೆಣಿಗೆ ರಕ್ತದೊತ್ತಡದ ಗುಳಿಗೆಗೆ ಬದಲಿಯೂ ಅಲ್ಲ, ಖಿನ್ನತೆಯ ಚಿಕಿತ್ಸೆಗೆ ಬದಲಿಯೂ ಅಲ್ಲ. ಮನಸ್ಸನ್ನು ಕೊಂಚ ಹೊತ್ತು ಒಂದೆಡೆ ನಿಲ್ಲಿಸುವ, ಖರ್ಚಿಲ್ಲದ ಉಪಾಯ ಎಂದರೆ ಅತಿಶಯವಾಗದು.

‘ಇದಕ್ಕೆಲ್ಲ ಪುರುಸೊತ್ತು ಎಲ್ಲಿದೆ?’ ಎಂದು ನನ್ನ ಬಳಿಗೆ ಬರುವ ತಾಯಂದಿರು ಕೇಳುತ್ತಾರೆ. ಹೆಣಿಗೆಯನ್ನು ನಿಜವಾಗಿ ಬಾಳಿನೊಳಗೆ ಬೆರೆಸಿಕೊಂಡ ಜನರು ಅದಕ್ಕಾಗಿ ಪುರುಸೊತ್ತನ್ನು ಕಾದವರೇ ಅಲ್ಲ. ಸ್ಕಾಟ್ಲೆಂಡಿನ ಉತ್ತರಕ್ಕೆ ಸಮುದ್ರದ ನಡುವೆ ಇರುವ ಶೆಟ್ಲೆಂಡ್ ದ್ವೀಪಗಳ ಹೆಂಗಸರು ಜೌಗುನೆಲದಿಂದ ಕಡಿದು ಒಣಗಿಸಿದ ಉರುವಲನ್ನು ಬೆನ್ನಿನ ಬುಟ್ಟಿಯಲ್ಲಿ ಹೊತ್ತು ಮನೆಗೆ ನಡೆಯುತ್ತಿದ್ದರು. ಬೆನ್ನ ಮೇಲೆ ಹೊರೆ, ಕೈಯಲ್ಲಿ ಹೆಣಿಗೆ. ಅಂಥ ಹಳೆಯ ಛಾಯಾಚಿತ್ರಗಳು ಇಂದಿಗೂ ಉಳಿದಿವೆ. ನಡೆಯುತ್ತ ಹೆಣೆಯಲು ಅವರು ಸೊಂಟಕ್ಕೆ ಚರ್ಮದ ಪಟ್ಟಿಯೊಂದನ್ನು ಕಟ್ಟಿಕೊಳ್ಳುತ್ತಿದ್ದರು. ಕುದುರೆಕೂದಲು ತುಂಬಿದ ಅದರ ದಿಂಬಿನಲ್ಲಿ ಸಣ್ಣ ಸಣ್ಣ ರಂಧ್ರಗಳಿರುತ್ತವೆ. ಕಡ್ಡಿಯ ಒಂದು ತುದಿಯನ್ನು ಅದರಲ್ಲಿ ಚುಚ್ಚಿ ನಿಲ್ಲಿಸಿದರೆ ಕಡ್ಡಿಯ ಭಾರ ಮಣಿಕಟ್ಟಿನ ಮೇಲೆ ಬೀಳುವುದಿಲ್ಲ. ಕೈಯ ವೈದ್ಯನಾಗಿ ಆ ಪಟ್ಟಿಯ ಜಾಣ್ಮೆಗೆ ನಾನು ತಲೆದೂಗಿದ್ದೇನೆ. ಅವರ ಲೇಸು ಹೆಣಿಗೆಯ ಶಾಲುಗಳು ಎಷ್ಟು ನವುರಾಗಿದ್ದುವೆಂದರೆ ಇಡೀ ಶಾಲನ್ನು ಮದುವೆಯ ಉಂಗುರದೊಳಗಿಂದ ಎಳೆಯಬಹುದಿತ್ತು. ‘ಉಂಗುರದ ಶಾಲು’ ಎಂಬ ಹೆಸರೇ ಅವಕ್ಕೆ ಬಂತು.

ಗಂಡಸರಿಗೂ ಈ ಕೆಲಸ ಹೊರತಲ್ಲ. ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ, ಟಿಟಿಕಾಕಾ ಸರೋವರದ ನಡುವಣ ಟಾಕಿಲೆ ಎಂಬ ದ್ವೀಪದಲ್ಲಿ ಹೆಣಿಗೆ ಗಂಡಸರ ಕೆಲಸ, ಮಗ್ಗದ ನೇಯ್ಗೆ ಬಹುಮಟ್ಟಿಗೆ ಹೆಂಗಸರದು. ಹುಡುಗರು ಚಿಕ್ಕಂದಿನಲ್ಲೇ ಟೊಪ್ಪಿಗೆ ಹೆಣೆಯಲು ಕಲಿಯುತ್ತಾರೆ. ಆ ದ್ವೀಪದ ನೂಲಿನ ಕಲೆಯನ್ನು ಯುನೆಸ್ಕೋ ಮನುಕುಲದ ಪರಂಪರೆಯೆಂದು ಮನ್ನಿಸಿದೆ. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ಬಯಲುಸೀಮೆಯಲ್ಲಿ ಕುರಿಯ ಹಿಂಡಿನ ಹಿಂದೆ ನಡೆಯುತ್ತಲೇ ಕೈಯಲ್ಲಿ ಕದಿರು ತಿರುಗಿಸಿ ಕಂಬಳಿಯ ಉಣ್ಣೆ ನೂಲುವ ಕುರಿಗಾಹಿಗಳನ್ನು ಹಿರಿಯ ಓದುಗರು ಕಂಡೇ ಇರುತ್ತೀರಿ. ಕಾಲು ಕುರಿಗಳೊಡನೆ, ಕೈ ಉಣ್ಣೆಯೊಡನೆ. ನಿವೃತ್ತಿಯಾದ ಮೇಲೆ ಹಗಲೆಲ್ಲ ಟಿ.ವಿ. ಎದುರು ಕುಳಿತು ಬೇಸರವೆಂದು ಗೊಣಗುವ ಹಿರಿಯರಿಗೆ ನಾನು ಈ ಕುರಿಗಾಹಿಗಳ ನೆನಪು ಮಾಡಿಕೊಡುವುದುಂಟು. ಒಬ್ಬಿಬ್ಬರು ನಕ್ಕರು, ಒಬ್ಬರು ನಿಜವಾಗಿಯೂ ಮೊಮ್ಮಗಳಿಂದ ಕ್ರೋಶಾ ಕಲಿತರು.

ಇಷ್ಟನ್ನೇ ಹೇಳಿ ಮುಗಿಸಿದರೆ ಅರ್ಧ ಸತ್ಯವಷ್ಟೇ ಹೇಳಿದಂತಾದೀತು. ಅದೇ ಕಡ್ಡಿ, ಅದೇ ನೂಲು ಕೈಯನ್ನು ಕೆಡಿಸಿದ ಕಥೆಯೂ ಇದೆ. ಶೆಟ್ಲೆಂಡಿನ ಹೆಂಗಸರು ನಡೆಯುತ್ತ ಹೆಣೆದದ್ದು ಖುಷಿಗಾಗಿ ಮಾತ್ರವಲ್ಲ, ಹೊಟ್ಟೆಪಾಡಿಗಾಗಿ. ವ್ಯಾಪಾರಿಗಳು ಅವರ ಹೆಣಿಗೆಗೆ ಹಣ ಕೊಡದೆ ಚಹಾ, ಬಟ್ಟೆಯಂಥ ಸರಕನ್ನು ಕೊಡುತ್ತಿದ್ದರು. ಬ್ರಿಟಿಷ್ ಸರ್ಕಾರ ನೇಮಿಸಿದ ಆಯೋಗವೊಂದು 1872ರಲ್ಲಿ ಈ ಪದ್ಧತಿಯನ್ನು ವಿಚಾರಣೆ ಮಾಡಬೇಕಾಯಿತು. ನಮಗೆ ಹತ್ತಿರದ ಉದಾಹರಣೆ ಆಂಧ್ರಪ್ರದೇಶದ ಪಶ್ಚಿಮ ಗೋದಾವರಿ ಸೀಮೆಯ ನರಸಾಪುರ. ಮಿಷನರಿಗಳು 19ನೆಯ ಶತಮಾನದಲ್ಲಿ ಕಲಿಸಿದ ಕ್ರೋಶಾ ಲೇಸು ಅಲ್ಲಿನ ಸಾವಿರಾರು ಮನೆಗಳಿಗೆ ಹಬ್ಬಿತು. ಮೇಜುಹಾಸು, ಹೊದಿಕೆಗಳಾಗಿ ಪರದೇಶಗಳಿಗೆ ಹೋಯಿತು. ಜರ್ಮನಿಯ ಸಮಾಜವಿಜ್ಞಾನಿ ಮರಿಯಾ ಮೀಸ್ ಅವರು ಆ ಹೆಂಗಸರ ನಡುವೆ ಇದ್ದು ಅಧ್ಯಯನ ಮಾಡಿ 1982ರಲ್ಲಿ ಒಂದು ಪುಸ್ತಕ ಬರೆದರು. ಮನೆಗೆಲಸವೆಲ್ಲ ಮುಗಿಸಿಯೂ ದಿನದ ಬಹುಪಾಲು ಗಂಟೆಗಳನ್ನು ಲೇಸಿಗೆ ಸುರಿಯುತ್ತಿದ್ದ ಆ ಹೆಂಗಸರನ್ನು ಸುತ್ತಲಿನವರು ಕರೆಯುತ್ತಿದ್ದುದು ‘ಮನೆಯಲ್ಲಿ ಕುಳಿತಿರುವ ಗೃಹಿಣಿಯರು’ ಎಂದು. ಅವರ ದುಡಿಮೆಗೆ ಇದ್ದ ಹೆಸರು ‘ಬಿಡುವಿನ ವೇಳೆಯ ಕೆಲಸ’. ಹಾಗೆಂದು ಹೆಸರಿಟ್ಟ ಮೇಲೆ ಕೂಲಿಯೂ ಬಿಡುವಿನ ವೇಳೆಗೆ ತಕ್ಕಷ್ಟೇ ಆಯಿತು. ಪುಸ್ತಕದ ಮುಖ್ಯ ಮಾತು ಅದೇ.

ಹೊರಗಿನಿಂದ ನೋಡುವವರಿಗೆ ಹವ್ಯಾಸ ಮತ್ತು ಗುತ್ತಿಗೆಯ ದುಡಿಮೆ ಒಂದೇ ರೀತಿ ಕಾಣುತ್ತವೆ. ಕೈಯ ಚಲನೆಯಲ್ಲಿ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ಕಡ್ಡಿಯನ್ನು ಕೆಳಗಿಡುವ ಹೊತ್ತನ್ನು ಯಾರು ನಿರ್ಧರಿಸುತ್ತಾರೆ ಎಂಬಲ್ಲಿ. ಇದನ್ನು ನಾನು ಪುಸ್ತಕದಿಂದ ಕಲಿತೆನೆಂದು ಹೇಳಿಕೊಳ್ಳಬಹುದಿತ್ತು. ನಿಜವಾಗಿ ಕಲಿತದ್ದು ನಮ್ಮ ಅಕ್ಕನ ಕೈಯಿಂದ.

ಅವ್ವ ತೀರಿದ ಮೇಲೆ ಖಣದ ಚೀಲ ಅಕ್ಕನಿಗೆ ಹೋಯಿತು. ಅಕ್ಕನಿಗೆ ಉಣ್ಣೆಗಿಂತ ಕ್ರೋಶಾ ಹೆಚ್ಚು ಇಷ್ಟ. ಈಗ ಸೀರೆಯ ಸೆರಗಿಗೆ ರೇಷ್ಮೆಯ ನೂಲು, ಮಣಿ ಸೇರಿಸಿ ಕ್ರೋಶಾ ಕುಚ್ಚು ಹಾಕಿಸುವುದು ಎಲ್ಲೆಡೆ ಬಳಕೆಗೆ ಬಂದಿದೆಯಷ್ಟೆ. ಮಗಳ ಸೀರೆಗೊಂದು, ಸೊಸೆಯ ಸೀರೆಗೊಂದು ಎಂದು ಆರಂಭವಾದದ್ದು ಊರಿನ ಒಂದು ಅಂಗಡಿಯವರ ಕಣ್ಣಿಗೆ ಬಿತ್ತು. ಮದುವೆಯ ಹಂಗಾಮಿನಲ್ಲಿ ವಾರಕ್ಕೆ ಎಂಟು, ಹತ್ತು, ಹನ್ನೆರಡು ಸೀರೆ ಬರತೊಡಗಿದವು. ಅಕ್ಕನಿಗೆ ತನ್ನದೆಂಬ ನಾಲ್ಕು ಕಾಸು ಕೈಗೆ ಬಂದ ಹಿಗ್ಗು. ಆ ಹಿಗ್ಗನ್ನು ಕಡೆಗಣಿಸುವಂತಿಲ್ಲ. 58ನೆಯ ವಯಸ್ಸಿನಲ್ಲಿ ಮೊದಲ ಸಲ ಸ್ವಂತ ಗಳಿಕೆಯಿಂದ ಮೊಮ್ಮಗನಿಗೆ ಬೆಳ್ಳಿಯ ಉಡಿದಾರ ಮಾಡಿಸಿದ್ದಳು. ರಾತ್ರಿ ಹನ್ನೆರಡರವರೆಗೆ ಕುಳಿತಿರುತ್ತಿದ್ದಳೆಂದು ಭಾವ ಒಮ್ಮೆ ಹೇಳಿದ್ದರು. ನಾನು ‘ಆಗಲಿ ಬಿಡಿ, ಮನಸ್ಸಿಗೆ ಒಳ್ಳೆಯದು’ ಎಂದಿದ್ದೆ.

ಒಂದು ರಾತ್ರಿ ಅವರ ಮನೆಯಲ್ಲಿ ಉಳಿದಿದ್ದೆ. ಮೂರು ಗಂಟೆಯ ಸುಮಾರಿಗೆ ಎಚ್ಚರವಾದಾಗ ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ಬಲಗೈಯನ್ನು ಒದರುತ್ತಿದ್ದಳು, ನೀರು ಜಾಡಿಸುವಂತೆ. ‘ಏನಿಲ್ಲ ತಮ್ಮಾ, ಜೋಮು ಹಿಡಿದೈತಿ. ದಿನಾ ಹಿಂಗ ಆಗತೈತಿ’ ಎಂದಳು. ಎಷ್ಟು ದಿನದಿಂದ ಎಂದು ಕೇಳಿದರೆ ದೀಪಾವಳಿಯಿಂದ ಎಂದಳು. ಆಗ ಚೈತ್ರ ಬಂದಿತ್ತು. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು. ಕಿರುಬೆರಳು ಮಾತ್ರ ಸರಿಯಾಗಿತ್ತು. ಚಹಾದ ಲೋಟ ಎರಡು ಸಲ ಕೈಜಾರಿತ್ತಂತೆ. ವೈದ್ಯಕೀಯದ ಮೊದಲ ಪುಟಗಳಲ್ಲೇ ಬರುವ ಲಕ್ಷಣ ಅದು. ಪರರ ಕೈ ನೋಡಿ ಹೊಟ್ಟೆ ಹೊರೆಯುವ ನನಗೆ ಐದು ತಿಂಗಳು ನಮ್ಮ ಅಕ್ಕನ ಕೈ ಕಂಡಿರಲಿಲ್ಲ.

ಇದಕ್ಕೆ ಕಾರ್ಪಲ್ ಟನಲ್ ತೊಂದರೆ ಎನ್ನುತ್ತಾರೆ. ನಮ್ಮ ಮಣಿಕಟ್ಟಿನ ಒಳಮೈಯಲ್ಲಿ ಮೂಳೆ ಮತ್ತು ಬಿಗಿಯಾದ ಪಟ್ಟಿಯ ನಡುವೆ ಒಂದು ಇಕ್ಕಟ್ಟಾದ ಸುರಂಗವಿದೆ. ಬೆರಳು ಮಡಿಸುವ ಒಂಬತ್ತು ಸ್ನಾಯುರಜ್ಜುಗಳೂ ಒಂದು ಮುಖ್ಯ ನರವೂ ಅದರ ಮೂಲಕವೇ ಹಾದುಹೋಗಬೇಕು. ಮಣಿಕಟ್ಟನ್ನು ಬಗ್ಗಿಸಿಕೊಂಡು ಬೆರಳುಗಳನ್ನು ಗಂಟೆಗಟ್ಟಲೆ ಆಡಿಸಿದರೆ ಒಳಗೆ ಬಾವು ಬಂದು ನರ ಒತ್ತಿಹೋಗಬಹುದು. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು. ಸಕ್ಕರೆ ಕಾಯಿಲೆ, ಥೈರಾಯಿಡ್ ಕೊರತೆ, ಬಸಿರು ಇವೂ ಕಾರಣವಾಗಬಹುದು. ಅಕ್ಕನ ರಕ್ತಪರೀಕ್ಷೆಯಲ್ಲಿ ಥೈರಾಯಿಡ್ ಕೊರತೆಯೂ ಕಂಡಿತು. ಎಲ್ಲ ಅಪರಾಧವನ್ನೂ ಕುಚ್ಚಿನ ಮೇಲೆಯೇ ಹೊರಿಸುವುದು ಸರಿಯಲ್ಲ. ಬಹುಕಾಲ ಅಲಕ್ಷಿಸಿದರೆ ಹೆಬ್ಬೆರಳ ಬುಡದ ಮಾಂಸಖಂಡ ಕರಗಿ, ಗುಂಡಿ ಹಾಕಲೂ ಆಗದ ಸ್ಥಿತಿ ಬರುತ್ತದೆ. ಹಾಗಾದ ಮೇಲೆ ಶಸ್ತ್ರಚಿಕಿತ್ಸೆ ಮಾಡಿದರೂ ಪೂರ್ತಿ ಬಲ ಮರಳುವ ಭರವಸೆಯಿಲ್ಲ. ಅಕ್ಕನದು ಅಲ್ಲಿಯವರೆಗೆ ಹೋಗಿರಲಿಲ್ಲ. ರಾತ್ರಿ ಮಣಿಕಟ್ಟನ್ನು ನೇರವಾಗಿರಿಸುವ ಪಟ್ಟಿ, ಥೈರಾಯಿಡ್ ಗುಳಿಗೆ, ಮತ್ತು ಆರು ವಾರ ಕಡ್ಡಿ ಮುಟ್ಟಕೂಡದೆಂಬ ಆಣೆ. ಗುಳಿಗೆ, ಪಟ್ಟಿಗಳಿಗೆ ಅವಳ ತಕರಾರಿರಲಿಲ್ಲ. ಆರು ವಾರದ ಮಾತಿಗೆ ಕಣ್ಣು ತುಂಬಿಕೊಂಡಳು. ‘ರೊಕ್ಕ ಹ್ವಾದ್ರ ಹೋಗಲಿ. ಸಂಜಿ ಹೊತ್ತು ಹ್ಯಾಂಗ ಕಳೀಲಿ?’ ಎಂದಳು.

ಆ ಪ್ರಶ್ನೆಗೆ ಉತ್ತರ ಹುಡುಕುವಾಗಲೇ ನನಗೆ ಅವ್ವನ ಗೂಟ ನೆನಪಾದದ್ದು. ಅವ್ವ ಬಾಳೆಲ್ಲ ಹೆಣೆದವಳು; ಎಂದೂ ಕೈ ನೋವೆಂದು ಹೇಳಿದವಳಲ್ಲ. ಅವಳ ಚೀಲ ಒಂದು ಸಲಕ್ಕೆ ಹತ್ತು ಹದಿನೈದು ನಿಮಿಷಕ್ಕಿಂತ ಹೆಚ್ಚು ಹೊತ್ತು ಹೊರಗಿರಲು ಮನೆಯ ಕೆಲಸಗಳೇ ಬಿಡುತ್ತಿರಲಿಲ್ಲ. ಬೇಳೆ ಬೆಂದಿತು, ಹಾಲು ಉಕ್ಕಿತು, ಕೂಸು ಅತ್ತಿತು: ಪ್ರತಿ ಸಲವೂ ಬೆರಳಿಗೆ ಬಿಡುವು, ಕುತ್ತಿಗೆಗೆ ಬಿಡುವು, ಕಣ್ಣಿಗೆ ದೂರದ ನೋಟ. ಇಂದು ನಾವು ಕೈನೋವಿನವರಿಗೆ ಬರೆದುಕೊಡುವ ಸಲಹೆ ಅದಕ್ಕಿಂತ ಹೆಚ್ಚಿನದೇನಲ್ಲ.

ಹೆಣಿಗೆಯಲ್ಲಿ ತೊಡಗುವವರು, ಅದರಲ್ಲೂ 50 ದಾಟಿದವರು, ಒಂದು ಸಲಕ್ಕೆ 20 ನಿಮಿಷ ಸಾಕೆಂದು ಇಟ್ಟುಕೊಳ್ಳಬೇಕು. ಅನಂತರ ಎದ್ದು ನಾಲ್ಕು ಹೆಜ್ಜೆ ನಡೆದು, ಬೆರಳುಗಳನ್ನು ಪೂರ್ತಿ ಬಿಚ್ಚಿ, ಮಣಿಕಟ್ಟನ್ನು ಮೆಲ್ಲಗೆ ಹಿಂದೆ ಮುಂದೆ ಚಾಚಿದರೆ ಒಳ್ಳೆಯದು. ಮೊಣಕೈಗೆ ಆಸರೆ ಇರಲಿ. ತೊಡೆಯ ಮೇಲೊಂದು ದಿಂಬಿಟ್ಟುಕೊಂಡರೆ ಹೆಣಿಗೆ ಕಣ್ಣಿಗೆ ಹತ್ತಿರವಾಗಿ ಕುತ್ತಿಗೆ ಬಾಗುವುದು ತಪ್ಪುತ್ತದೆ. ಸಂಧಿವಾತದವರು ಸಣ್ಣ ಉಕ್ಕಿನ ಕಡ್ಡಿಯ ಬದಲು ದಪ್ಪ ಮರದ ಅಥವಾ ಬಿದಿರಿನ ಕಡ್ಡಿ ಹಿಡಿಯಬೇಕು, ನೂಲೂ ದಪ್ಪಗಿರಲಿ. ಬಿಗಿಯಾಗಿ ಹಿಡಿಯುವ ಅಭ್ಯಾಸವೇ ಅರ್ಧ ನೋವಿಗೆ ಕಾರಣ. ಸಕ್ಕರೆ ಕಾಯಿಲೆಯಿಂದ ಬೆರಳ ತುದಿಯ ಸ್ಪರ್ಶ ಮಂದವಾಗಿರುವವರಿಗೆ ಚೂಪಾದ ಕೊಕ್ಕೆ ಚುಚ್ಚಿದ್ದೂ ತಿಳಿಯದು. ಕೆಲಸ ಮುಗಿದ ಮೇಲೆ ಬೆರಳುಗಳನ್ನು ಒಮ್ಮೆ ನೋಡಿಕೊಳ್ಳುವುದು ಲೇಸು.

ಕಣ್ಣಿನ ಮಾತನ್ನು ಬೇರೆಯಾಗಿಯೇ ಹೇಳಬೇಕು. ವಿದ್ಯುತ್ ಬರುವ ಮೊದಲು ಯುರೋಪಿನ ಲೇಸುಗಾರ್ತಿಯರು ನೀರು ತುಂಬಿದ ಗಾಜಿನ ಬುರುಡೆಯನ್ನು ಮೇಣದಬತ್ತಿಯ ಮುಂದಿಟ್ಟು, ಅದರ ಮೂಲಕ ಹಾಯ್ದು ಒಂದೆಡೆ ಸೇರುವ ಬೆಳಕಿನಲ್ಲಿ ದುಡಿಯುತ್ತಿದ್ದರು. ಒಂದೇ ಬತ್ತಿಯ ಸುತ್ತ ಹಲವರು. ಇಂದು ನಮಗೆ ಆ ಬಡತನವಿಲ್ಲ. ಆದರೂ ಟಿ.ವಿ.ಯ ಮಿಣುಕು ಬೆಳಕಿನಲ್ಲಿ ಕರಿಯ ನೂಲನ್ನು ಹೆಣೆಯುವ ತಾಯಂದಿರನ್ನು ನೋಡಿದ್ದೇನೆ. ಹಗಲಿನಲ್ಲಿ ಕಿಟಕಿಯ ಬಳಿ, ರಾತ್ರಿ ಹೆಗಲ ಹಿಂದಿನಿಂದ ಬೀಳುವ ದೀಪದಲ್ಲಿ ಕುಳಿತುಕೊಳ್ಳಿ. ಕಪ್ಪು ನೂಲಿನ ಕೆಲಸವನ್ನು ಹಗಲಿಗೇ ಮೀಸಲಿಡಿ. ನೂಲನ್ನು ದೂರ ಹಿಡಿದರೆ ಮಾತ್ರ ಕಾಣುವಂತಾದರೆ ಕನ್ನಡಕದ ಕಾಲ ಬಂದಿದೆಯೆಂದು ತಿಳಿಯಬೇಕು.

ರಾತ್ರಿಯ ಜೋಮು, ಬೆರಳು ಮಡಿಸಿದಲ್ಲೇ ಸಿಕ್ಕಿಕೊಂಡು ಟಕ್ಕೆಂದು ಬಿಚ್ಚಿಕೊಳ್ಳುವುದು, ಹೆಬ್ಬೆರಳ ಬುಡದ ನೋವು, ಕೈಯಿಂದ ವಸ್ತುಗಳು ಜಾರುವುದು, ಇವುಗಳಲ್ಲಿ ಯಾವುದಾದರೊಂದು ಎರಡು ವಾರ ಉಳಿದರೆ ವೈದ್ಯರ ಬಳಿ ಹೋಗಿ. ‘ವಯಸ್ಸಾಯಿತು, ಇದ್ದದ್ದೇ’ ಎಂದು ದೀಪಾವಳಿಯಿಂದ ಚೈತ್ರದವರೆಗೆ ಕಾಯಬೇಡಿ. ಕುಚ್ಚು, ಲೇಸು, ಸ್ವೆಟರುಗಳಿಂದ ಗಳಿಸುವ ಸೋದರಿಯರಿಗೂ ಒಂದು ಮಾತು. ಗಳಿಕೆಯನ್ನು ಬಿಡಿರೆಂದು ನಾನು ಹೇಳುವುದಿಲ್ಲ. ಒಪ್ಪಿಕೊಳ್ಳುವ ಸೀರೆಗಳ ಸಂಖ್ಯೆಯನ್ನು ಅಂಗಡಿಯವರು ನಿಶ್ಚಯಿಸದಿರಲಿ. ಒಂದು ಕುಚ್ಚಿಗೆ ಹಿಡಿಯುವ ಗಂಟೆಗಳನ್ನು ಬರೆದಿಟ್ಟು ಅದಕ್ಕೆ ತಕ್ಕ ಬೆಲೆ ಕೇಳಿ. ಬೆಲೆ ಸಿಕ್ಕರೆ ಸಂಖ್ಯೆ ಕಡಿಮೆ ಮಾಡಬಹುದು, ಕೈ ಉಳಿಯುತ್ತದೆ. ಮನೆಯವರು ‘ಆಕೆ ಸುಮ್ಮನೆ ಕುಳಿತು ಏನೋ ಮಾಡುತ್ತಾಳೆ’ ಎನ್ನುವುದನ್ನು ಬಿಟ್ಟರೆ ಇನ್ನೂ ಒಳಿತು. ರಾತ್ರಿ ಹನ್ನೆರಡಕ್ಕೆ ದೀಪ ಉರಿಯುತ್ತಿದ್ದರೆ ಎದ್ದು ಹೋಗಿ ಒಮ್ಮೆ ಕೈ ನೋಡಿ.

ಆರು ವಾರಗಳ ಸಂಜೆಯನ್ನು ಅಕ್ಕ ಪಕ್ಕದ ಮನೆಯ ಇಬ್ಬರು ಹುಡುಗಿಯರಿಗೆ ಬಾಯಿಯಿಂದಲೇ ಕ್ರೋಶಾ ಕಲಿಸುತ್ತ ಕಳೆದಳು. ಕಡ್ಡಿ ಮುಟ್ಟಕೂಡದೆಂಬ ಆಣೆಯನ್ನು ಮುರಿಯಲಿಲ್ಲವೆಂದು ಭಾವ ಸಾಕ್ಷಿ ಹೇಳುತ್ತಾರೆ; ನನಗೆ ಪೂರ್ತಿ ನಂಬಿಕೆಯಿಲ್ಲ. ಜೋಮು ಇಳಿಯಲು ಮೂರು ತಿಂಗಳು ಹಿಡಿಯಿತು. ಈಗ ತಿಂಗಳಿಗೆ ನಾಲ್ಕು ಸೀರೆಗಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ. ಕೊಕ್ಕೆಯ ಹಿಡಿಗೆ ಹಳೆಯ ಬಟ್ಟೆಯನ್ನು ದಪ್ಪವಾಗಿ ಸುತ್ತಿಕೊಂಡಿದ್ದಾಳೆ. ಕುಕ್ಕರ್ ಒಲೆಯ ಮೇಲಿಟ್ಟು ಚೀಲ ಇಳಿಸುತ್ತಾಳೆ, ಮೂರನೆಯ ಸೀಟಿಗೆ ಅದು ಗೂಟಕ್ಕೆ ಮರಳುತ್ತದೆ. ಹೋದ ವಾರ ಹೋದಾಗ ಅದರಲ್ಲಿ ಹಳದಿ ಉಣ್ಣೆಯ ಒಂದು ಕುಂಚಿಗೆ ಇತ್ತು. ಮೊಮ್ಮಗಳು ಹುಟ್ಟುವುದು ಮಾಘದಲ್ಲಂತೆ. ಅಷ್ಟರೊಳಗೆ ಮುಗಿಯುತ್ತದೆಯೇ ಎಂದು ಕೇಳಿದೆ. ‘ಆಕಿ ಬಂದ ಮ್ಯಾಲ ಮುಗಿದ್ರೂ ನಡೀತೈತಿ’ ಎಂದು ಸೀಟಿಯ ಕಡೆ ಕಿವಿಗೊಟ್ಟಳು.